ರಾತ್ರಿ ಹನ್ನೊಂದರ ಮೇಲಿನ ನಗು

ಕೇಬಲ್ ಬಂದ ಮೇಲೆ ಮುಂಬಯಿಯ ಪರೇಲಿನ ನಮ್ಮ ಚಾಳಿನಲ್ಲಿ, ಸಾಲು ಸಾಲು ಖೋಲಿಗಳ ಆ ವಠಾರದಲ್ಲಿ, ರಾತ್ರಿ ಉದ್ದವಾಯಿತು. ಅದಕ್ಕೂ ಮೊದಲು ದೂರದರ್ಶನ ಇತ್ತು. ಅದು ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಮಲಗಿಸುತ್ತಿತ್ತು. ವರ್ಷಕ್ಕೊಮ್ಮೆ, ಡಿಸೆಂಬರ್ 31ರ ರಾತ್ರಿ ಮಾತ್ರ, ಹಾಡು, ಕುಣಿತ, ಸಣ್ಣ ಸಣ್ಣ ನಗೆ ಪ್ರಸಂಗ ಎಲ್ಲ ಸೇರಿಸಿ ಹನ್ನೆರಡು ಗಂಟೆ ಹೊಡೆಯುವವರೆಗೆ ಕೂರಿಸಿಕೊಳ್ಳುತ್ತಿತ್ತು. ಆಮೇಲೆ 1991ರಲ್ಲಿ ಸ್ಟಾರ್ ಬಂತು, 1992ರಲ್ಲಿ ಝೀ, 1994ರಲ್ಲಿ ಹಾಡುಗಳದ್ದೇ ಚಾನೆಲ್ ಆದ ಚಾನೆಲ್ ವಿ. ನಮಗೆ ಹದಿಮೂರು, ಹದಿನಾಲ್ಕು ತುಂಬುವ ಹೊತ್ತಿಗೆ ಡಿಸೆಂಬರ್ 31 ದಿನಾ ರಾತ್ರಿ ಬರತೊಡಗಿತ್ತು.

ಹುಡುಗರೆಲ್ಲ ನಮ್ಮ ಮನೆಯಲ್ಲೇ ಸೇರುತ್ತಿದ್ದರು. ಟಿವಿ ದೊಡ್ಡದಿತ್ತು ಅಂತೇನಲ್ಲ. ನಮ್ಮ ಮನೆ ಮಲಗುತ್ತಿದ್ದುದೇ ತಡವಾಗಿ. ಅಪ್ಪಯ್ಯ ದಾದರಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಹನ್ನೊಂದಕ್ಕೆ ಶಟರ್ ಎಳೆದು, ಲೆಕ್ಕ ಮುಗಿಸಿ, ಹುಡುಗರ ಊಟ ಆದ ಮೇಲೆ ನಡೆದುಕೊಂಡೇ ಮನೆಗೆ ಬರುವಾಗ ಹನ್ನೆರಡೂವರೆ. ಅಲ್ಲಿವರೆಗೆ ಅಮ್ಮ ಎದ್ದೇ ಇರುತ್ತಿದ್ದರು. ಬಿಸಿ ಮಾಡಲು ಸಾರು, ಹೆಕ್ಕಲು ನಾಳೆಯ ಅಕ್ಕಿ. ದೀಪ ಉರಿಯುತ್ತಿರುವ ಮನೆಯಲ್ಲಿ ಟಿವಿ ಹಾಕಬೇಡಿ ಅಂತ ಹೇಳಲು ಕಾರಣ ಇರಲಿಲ್ಲ. ಹೋಟೆಲ್ ಕೆಲಸದವರ ಮಕ್ಕಳಿಗೆಲ್ಲ ಈ ತಡರಾತ್ರಿ ಗೊತ್ತು. ಅಪ್ಪನ ಮುಖ ನೋಡಬೇಕು ಅಂದರೆ ಎಚ್ಚರ ಇರಬೇಕಿತ್ತು.

ಗುಂಪು ಚಿಕ್ಕದು. ನಾನು, ನನ್ನ ಅಕ್ಕ. ಎದುರು ಖೋಲಿಯ ಮರಾಠಿ ಹುಡುಗ. ಮೇಲಿನ ಮಾಳಿಗೆಯಲ್ಲಿ ಸೊಲ್ಲಾಪುರದ ಕಡೆಯ ಇನ್ನೊಬ್ಬ, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅವನ ಕನ್ನಡ ನಮ್ಮ ಕುಂದಾಪುರದ ಕನ್ನಡಕ್ಕೆ ಸುಲಭಕ್ಕೆ ತಾಳೆಯಾಗುತ್ತಿರಲಿಲ್ಲ, ಹಾಗಾಗಿ ಮೊದಮೊದಲು ನಾವಿಬ್ಬರೂ ಹಿಂದಿಯಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಆಮೇಲೆ ಅದೂ ಇದೂ ಬೆರೆತು ನಮ್ಮದೇ ಒಂದು ಭಾಷೆ ಆಯಿತು. ಮರಾಠಿ ಹುಡುಗನ ತಂದೆ, ಕಾಕಾ, ಗಿರಣಿ ಕೆಲಸಗಾರರಾಗಿದ್ದವರು. ದತ್ತಾ ಸಾಮಂತರ ಮುಂದಾಳತ್ವದಲ್ಲಿ 1982ರ ಜನವರಿಯಲ್ಲಿ ಶುರುವಾದ ಮುಷ್ಕರದ ನಂತರ ಅವರಿಗೆ ಕಾಯಂ ಕೆಲಸ ಅಂತ ಮತ್ತೆ ಸಿಗಲೇ ಇಲ್ಲ. ನಿದ್ದೆ ಬರದ ಮನುಷ್ಯ. ಗ್ಯಾಲರಿಯಲ್ಲಿ ಬೀಡಿ ಹಿಡಿದು ನಿಂತು, ನಮ್ಮ ಬಾಗಿಲಿನಿಂದಲೇ ಟಿವಿ ನೋಡುತ್ತಿದ್ದರು. ಒಳಗೆ ಬನ್ನಿ ಅಂದರೆ ಬರುತ್ತಿರಲಿಲ್ಲ.

ಚಾಳಿನ ಗೋಡೆ ತೆಳು. ಪಕ್ಕದ ಮನೆಯಲ್ಲಿ ಬೆಳಗ್ಗೆ ಐದಕ್ಕೆ ಏಳುವವರು ಮಲಗಿರುತ್ತಿದ್ದರು. ಅದಕ್ಕೇ ಟಿವಿ ಸದ್ದು ಕೇಳಿಯೂ ಕೇಳದಷ್ಟು. ನಗು ಬಂದರೆ ಬಾಯಿಗೆ ಚಾದರ. ನಾನು ಇಂದಿಗೂ ನಂಬುವುದೇನೆಂದರೆ, ಆ ಕಾಲದ ಹಾಡುಗಳನ್ನು ನಾವು ಬೇರೆಯವರಿಗಿಂತ ಚೆನ್ನಾಗಿ ಕೇಳಿದ್ದೇವೆ, ಯಾಕೆಂದರೆ ಅಷ್ಟು ಸಣ್ಣ ದನಿಯಲ್ಲಿ ಕೇಳಬೇಕಾದರೆ ಎಲ್ಲರೂ ಮುಂದೆ ಬಾಗಿ, ಉಸಿರು ಬಿಗಿಹಿಡಿದು ಕೂರಲೇಬೇಕು. 1995ರಲ್ಲಿ ಬಂದ ಅಲೀಶಾ ಚಿನಾಯ್ ಹಾಡು, ಅದೇ ವರ್ಷದ ದಲೇರ್ ಮೆಹಂದಿ ಹಾಡು, ಇವೆಲ್ಲ ಗಣಪತಿ ಪೆಂಡಾಲಿಗೆ, ಮದುವೆ ಬ್ಯಾಂಡಿಗೆ ಸರಿ. ಸಣ್ಣ ದನಿಯಲ್ಲಿ ಅವಕ್ಕೆ ಜೀವ ಸಾಲದು. ಆದರೆ 1996ರಲ್ಲಿ ಲಕ್ಕಿ ಅಲಿ ಬಂದರು. ‘ಓ ಸನಮ್’ ಹಾಡು, ಹಿಂದೆ ಈಜಿಪ್ಟಿನ ಪಿರಮಿಡ್ಡು. ಸ್ವಲ್ಪ ಒಡೆದಂತಿರುವ ಆ ಗಂಟಲು ನಡುರಾತ್ರಿಗೆಂದೇ ಮಾಡಿದ್ದು. ಅದು ಬಂದರೆ ಮಾತು ನಿಲ್ಲುತ್ತಿತ್ತು. ಅಮ್ಮ ಕೂಡ ಅಕ್ಕಿ ಹೆಕ್ಕುವುದು ನಿಲ್ಲಿಸಿ ನೋಡುತ್ತಿದ್ದರು. ಅದೇ ವರ್ಷ ನವೆಂಬರ್ 1ರಂದು ಮೈಕೆಲ್ ಜಾಕ್ಸನ್ ಅಂಧೇರಿಗೆ ಬಂದು ಹಾಡಿದರು. ಟಿಕೆಟ್ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಹೇಳಬೇಕಾಗಿರುವುದು ಹಾಡುಗಳ ನಡುವೆ ಬರುತ್ತಿದ್ದ ನಗುವಿನ ಬಗ್ಗೆ. ಚಾನೆಲ್ ವಿ ಹಾಡುಗಳ ಮಧ್ಯೆ ಪುಟ್ಟ ಪುಟ್ಟ ಪ್ರಹಸನಗಳನ್ನು ಹಾಕುತ್ತಿತ್ತು, ಒಂದು ನಿಮಿಷವೂ ಇಲ್ಲದವು. ಹರಿಯಾಣದ ಮಾತಿನ ಧಾಟಿಯಲ್ಲಿ ಎಲ್ಲರನ್ನೂ ಗದರಿಸುವ ಉಧಮ್ ಸಿಂಗ್ ಇದ್ದ. ಅವನಿಗಿಂತ ಮೊದಲು ಕ್ವಿಕ್ ಗನ್ ಮುರುಗನ್ ಇದ್ದ. ಹಸಿರು ಅಂಗಿ, ಚಿರತೆ ಚುಕ್ಕೆಯ ಕೋಟು, ಕೌಬಾಯ್ ಟೋಪಿ, ತಮಿಳು ಸಿನಿಮಾದ ಮೀಸೆ, ಮಾತಿನ ಕೊನೆಗೊಂದು ‘ಮೈಂಡ್ ಇಟ್’. ಮುಂದೆ 2009ರಲ್ಲಿ ಅವನ ಮೇಲೆ ಒಂದು ಇಡೀ ಸಿನಿಮಾನೇ ಬಂತು. ಆದರೆ ನಮ್ಮ ಪಾಲಿಗೆ ಅವನು ಆ ಅರ್ಧ ನಿಮಿಷದ ತುಣುಕೇ.

ನಮ್ಮ ಖೋಲಿಯಲ್ಲಿ ಅವನನ್ನು ನೋಡಿ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮರುದಿನ ಶಾಲೆಯಲ್ಲಿ ಅದೇ ‘ಮೈಂಡ್ ಇಟ್’ ನಮ್ಮ ಮೇಲೆ ಬೀಳುತ್ತಿತ್ತು. ತಮಿಳು, ಕನ್ನಡ, ತುಳು, ಮಲಯಾಳ, ಅವರಿಗೆ ಎಲ್ಲ ಒಂದೇ, ನಾವೆಲ್ಲ ಮದ್ರಾಸಿಗಳು. ಡಬ್ಬದಲ್ಲಿ ಇಡ್ಲಿ ಇದ್ದರೆ ಮುಗಿದೇ ಹೋಯಿತು. ಒಂದೇ ಮಾತು, ಒಂದೇ ಧಾಟಿ. ರಾತ್ರಿ ನಗಿಸಿದ್ದು ಹಗಲಲ್ಲಿ ಚುಚ್ಚುತ್ತಿತ್ತು. ಇದು ಯಾಕೆ ಹೀಗೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ಹಾಸ್ಯ ಒಳ್ಳೆಯದಾ ಕೆಟ್ಟದ್ದಾ ಅಂತ ಅದನ್ನಷ್ಟೇ ನೋಡಿ ಹೇಳಲು ಆಗಲ್ಲ ಅನ್ನಿಸುತ್ತದೆ. ಪಕ್ಕದಲ್ಲಿ ಕೂತು ನಗುತ್ತಿರುವವರು ಯಾರು ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಎದುರು ಖೋಲಿಯ ಹುಡುಗ ನಮ್ಮ ಮನೆಯ ನೆಲದ ಮೇಲೆ ಕೂತು, ಅಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತಾ ನಗುವಾಗ ಅದರಲ್ಲಿ ನಾವೂ ಇದ್ದೆವು. ಶಾಲೆಯಲ್ಲಿ ಆ ನಗುವಿನಲ್ಲಿ ನಮಗೆ ಜಾಗ ಇರಲಿಲ್ಲ.

ತಮಾಷೆ ಏನೆಂದರೆ ಅದೇ ಚಾನೆಲ್ಲಿನಲ್ಲೇ, ಅದೇ ಗಂಟೆಯಲ್ಲಿ ಪ್ರಭುದೇವ ಕುಣಿಯುತ್ತಿದ್ದರು. 1994ರ ‘ಮುಕಾಬಲಾ’, ರೆಹಮಾನ್ ಸಂಗೀತ. ಆ ಮನುಷ್ಯ ಹುಟ್ಟಿದ್ದು ಮೈಸೂರಿನಲ್ಲಿ ಅನ್ನುವುದನ್ನು ಅಕ್ಕ ಎಲ್ಲಿಂದಲೋ ತಿಳಿದುಕೊಂಡು ಬಂದು ಇಡೀ ಚಾಳಿಗೆ ಸಾರಿದಳು. ಶಾಲೆಯಲ್ಲಿ ‘ಮೈಂಡ್ ಇಟ್’ ಅನ್ನುತ್ತಿದ್ದ ಹುಡುಗರೇ ಮಧ್ಯಾಹ್ನದ ಬಿಡುವಿನಲ್ಲಿ ಆ ಹೆಜ್ಜೆ ಕಲಿಯಲು ಬೆವರು ಸುರಿಸುತ್ತಿದ್ದರು. ನಮಗೆ ಎಷ್ಟು ಸಂತೋಷ ಆಗುತ್ತಿತ್ತು ಅಂತ ಹೇಗೆ ಹೇಳಲಿ.

ಅಪ್ಪಯ್ಯನಿಗೆ ಮಾತ್ರ ಮುರುಗನ್ ಹಿಡಿಸಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, ‘ಎಂತ ಮಕ್ಳೆ, ಇನ್ನೂ ಮನಿಕಂಡಿಲ್ಯಾ?’ ಅಂತ ಕೇಳುವುದು ರೂಢಿ. ಉತ್ತರಕ್ಕೆ ಕಾಯುತ್ತಿರಲಿಲ್ಲ. ಊಟದ ತಟ್ಟೆ ಹಿಡಿದು ನಮ್ಮ ಹಿಂದೆಯೇ ಕೂರುತ್ತಿದ್ದರು. ಮುರುಗನ್ ಬಂದರೆ ತಟ್ಟೆ ನೋಡುತ್ತಿದ್ದರು, ಟಿವಿ ನೋಡುತ್ತಿರಲಿಲ್ಲ. ಕಾರಣವನ್ನು ಅವರು ಒಂದೇ ಸಲಕ್ಕೆ ಹೇಳಲಿಲ್ಲ, ಬಿಡಿಬಿಡಿಯಾಗಿ ಬಂತು. ಅವರು ಬೊಂಬಾಯಿಗೆ ಬಂದದ್ದು 1965ರಲ್ಲಿ, ಇನ್ನೂ ಹುಡುಗ, ಕಪ್ಪು ಬಸಿ ತೊಳೆಯುವ ಕೆಲಸಕ್ಕೆ. ರಾತ್ರಿ ಶಾಲೆಯಲ್ಲಿ ಓದಿದರು. ಆಮೇಲಿನ ವರ್ಷಗಳಲ್ಲಿ ಊರಲ್ಲೆಲ್ಲ ‘ಬಜಾವೋ ಪುಂಗಿ, ಹಟಾವೋ ಲುಂಗಿ’ ಅಂತ ಕೂಗೆದ್ದಿತು. ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಅವರು ಕೆಲಸ ಮಾಡುತ್ತಿದ್ದ ಹೋಟೆಲಿನವರು ಅರ್ಧ ಶಟರ್ ಎಳೆದುಕೊಂಡೇ ವ್ಯಾಪಾರ ಮಾಡುತ್ತಿದ್ದರಂತೆ. ಅದೇ ಕಾಲದಲ್ಲಿ, 1968ರಲ್ಲಿ, ‘ಪಡೋಸನ್’ ಬಂತು.

ಆ ಸಿನಿಮಾದ ‘ಏಕ್ ಚತುರ ನಾರ್’ ಹಾಡು ಯಾರಿಗೆ ಗೊತ್ತಿಲ್ಲ ಹೇಳಿ. ಇತ್ತ ಕಿಟಕಿಯಲ್ಲಿ ಸುನಿಲ್ ದತ್, ಅತ್ತ ಕಿಟಕಿಯಲ್ಲಿ ಮದ್ರಾಸಿ ಸಂಗೀತದ ಮೇಷ್ಟ್ರಾಗಿ ಮೆಹಮೂದ್. ಜುಟ್ಟು, ಹಣೆಗೆ ನಾಮ, ಪಂಚೆ, ಎಳೆದೆಳೆದು ಆಡುವ ಹಿಂದಿ. ಮೇಷ್ಟ್ರಿಗೆ ಹಾಡಿದ್ದು ಮನ್ನಾ ಡೇ. ಇತ್ತ ಸುನಿಲ್ ದತ್ ಬರೀ ತುಟಿ ಆಡಿಸುವುದು, ಮರೆಯಲ್ಲಿ ನಿಂತು ಹಾಡುವುದು ಕಿಶೋರ್ ಕುಮಾರ್. ಕೊನೆಗೆ ಮೇಷ್ಟ್ರು ತಡವರಿಸಿ ಸೋಲುತ್ತಾರೆ, ಥಿಯೇಟರೆಲ್ಲ ನಗುತ್ತದೆ. ಅಪ್ಪಯ್ಯ ಅದನ್ನು ವಾರದ ರಜೆಯಲ್ಲಿ ಹೋಟೆಲಿನ ಹುಡುಗರ ಜೊತೆ ಹೋಗಿ ನೋಡಿದ್ದರು. ಅವರಿಗೂ ನಗು ಬಂದಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಅಷ್ಟು ವರ್ಷ ಆದ ಮೇಲೂ ಒಂದು ವಿಷಯ ಅವರ ಮನಸ್ಸಿನಲ್ಲಿ ಉಳಿದಿತ್ತು. ‘ಸಂಗೀತ ಕಲಿತವ ಸೋತ. ಬಾಯಿ ಆಡಿಸಿದವ ಗೆದ್ದ. ಅದ್ ನ್ಯಾಯ ಅಲ್ಲ’ ಅನ್ನುತ್ತಿದ್ದರು. ಹಾಡು ಚೆನ್ನಾಗಿಲ್ಲ ಅಂತ ಅವರು ಯಾವತ್ತೂ ಹೇಳಲಿಲ್ಲ. ಅದೊಂದು ಅದ್ಭುತ ಹಾಡು, ನಾನೂ ಹಾಗೇ ಹೇಳುತ್ತೇನೆ.

ಲಕ್ಕಿ ಅಲಿ ಆ ಮೆಹಮೂದರ ಮಗ ಅಂತ ನಮಗೆ ಹೇಳಿದವರು ಕಾಕಾ. ಬಾಗಿಲಲ್ಲಿ ನಿಂತೇ ಹೇಳಿದರು. ನಾವು ನಂಬಲಿಲ್ಲ. ಅಪ್ಪಯ್ಯ ಹೌದು ಅಂತ ತಲೆ ಆಡಿಸಿದಾಗ ನಂಬಿದೆವು. ಆ ರಾತ್ರಿ ಇಬ್ಬರೂ ಹಳೆಯ ಸಿನಿಮಾಗಳ ಮಾತಿಗೆ ಬಿದ್ದರು. ಮಾತು 68ಕ್ಕೆ, 69ಕ್ಕೆ ಹೋಯಿತು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಣ್ಣಾ, ಆಗ ಕೂಗಿದವರಲ್ಲಿ ನಾನೂ ಇದ್ದೆ’ ಅಂದರು. ಅಪ್ಪಯ್ಯ ‘ಗೊತ್ತು’ ಅಂದರು. ಆಮೇಲೆ ‘ಒಳಗೆ ಬನ್ನಿ, ಕೂತ್ಕೊಳ್ಳಿ’ ಅಂದರು. ಕಾಕಾ ಬಂದು ಕೂತರು. ಅಂದಿನಿಂದ ಬಾಗಿಲಲ್ಲಿ ನಿಲ್ಲುವುದು ಬಿಟ್ಟರು. ಇಷ್ಟು ವರ್ಷ ಟಿವಿ ನೋಡಿದ್ದರಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

1996ರ ಜೂನ್‌ನಲ್ಲಿ ದೇವೇಗೌಡರು ಪ್ರಧಾನಿ ಆದರು. ಮುಂಬಯಿ ಕನ್ನಡಿಗರಿಗೆ ಅದು ಎಂಥ ಹೆಮ್ಮೆ ಅಂದರೆ, ಅಪ್ಪಯ್ಯನ ಹೋಟೆಲಿನಲ್ಲಿ ಅಂದು ಹುಡುಗರಿಗೆಲ್ಲ ಜಾಮೂನು. ಆದರೆ ಸ್ವಲ್ಪ ದಿನಕ್ಕೇ ಟಿವಿಯಲ್ಲೂ ಪತ್ರಿಕೆಯಲ್ಲೂ ಅವರ ತೂಕಡಿಕೆಯೇ ನಗೆಯ ಸರಕಾಯಿತು. ಆಗಸ್ಟ್ 15ಕ್ಕೆ ಅವರು ಕೆಂಪು ಕೋಟೆಯಿಂದ ಹಿಂದಿಯಲ್ಲೇ ಭಾಷಣ ಓದಿದರು. ನಮ್ಮ ಮನೆಯಲ್ಲಿ ಒಂದೊಂದು ಸಾಲಿಗೂ ಉಸಿರು ಹಿಡಿದು ಕೂತಿದ್ದೆವು, ಎಲ್ಲಿ ತಪ್ಪುತ್ತಾರೋ ಅಂತ. ಸೊಲ್ಲಾಪುರದ ಹುಡುಗ ಅಂದು ಹೇಳಿದ್ದು ಸರಿಯಾಗಿತ್ತು. ನಗುವ ಇವರೆಲ್ಲ ನಮ್ಮ ಭಾಷೆಯಲ್ಲಿ ಒಂದು ಸಾಲು ಓದಲಿ ನೋಡೋಣ, ಅಂದ.

1997ರಲ್ಲಿ ಸೋನಿಯಲ್ಲಿ ಶೇಖರ್ ಸುಮನ್ ಬಂದರು. ‘ಮೂವರ್ಸ್ ಆ್ಯಂಡ್ ಶೇಕರ್ಸ್’. ಒಬ್ಬರೇ ನಿಂತು ದೇಶದ ಸುದ್ದಿಯನ್ನೆಲ್ಲ ಹಿಡಿದು ಜಗ್ಗಾಡುವುದು, ನಡುವೆ ಬದಿಯಲ್ಲಿರುವ ವಾದ್ಯದವರ ಜೊತೆ ಮಾತು, ಅವರು ಒಂದು ಚೂರು ನುಡಿಸುವುದು, ಮತ್ತೆ ಮಾತು. ವಾಜಪೇಯಿಯವರ ಅನುಕರಣೆಯಲ್ಲಂತೂ ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ಬರುವ ಮೌನವೇ ನಗಿಸುತ್ತಿತ್ತು. ಅಲ್ಲಿ ನಗು ಮೇಲಿನವರ ಕಡೆ ತಿರುಗಿತ್ತು. ನಮಗೆ ಅದು ಹೊಸದೆನ್ನಿಸಿತು. ಅಮ್ಮನಿಗೆ ಅನ್ನಿಸಲಿಲ್ಲ. ‘ಇದ್ ನಮ್ಮ ಹಾಸ್ಯಗಾರನೇ ಅಲ್ದಾ’ ಅಂದುಬಿಟ್ಟರು.

ಅಮ್ಮ ಹೇಳಿದ್ದು ಖಂಡಿತ ನಿಜ. ಕರಾವಳಿಯಲ್ಲಿ ಮಳೆಗಾಲಕ್ಕೆ ಮೇಳಗಳ ತಿರುಗಾಟ ನಿಲ್ಲುತ್ತದೆ. ಆಗ ಯಕ್ಷಗಾನದ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಮಾಟುಂಗದಲ್ಲಿ, ಕುರ್ಲಾದಲ್ಲಿ, ಎಲ್ಲೆಲ್ಲಿ ನಮ್ಮವರ ಸಭಾಂಗಣ ಇದೆಯೋ ಅಲ್ಲೆಲ್ಲ ಆಟ. ಇಡೀ ರಾತ್ರಿಯ ಆಟ ಇದ್ದರೆ ಇನ್ನೂ ಅನುಕೂಲ, ಕೊನೆಯ ಲೋಕಲ್ ರೈಲು ತಪ್ಪಿತು ಅನ್ನುವ ಚಿಂತೆ ಇಲ್ಲ, ಮೊದಲ ಲೋಕಲ್ ಹಿಡಿದರಾಯಿತು. ನಡುರಾತ್ರಿ ಕಳೆದು ಜನ ತೂಕಡಿಸುವ ಹೊತ್ತಿಗೆ ಸರಿಯಾಗಿ ಹಾಸ್ಯಗಾರ ಬರುತ್ತಾನೆ. ರಾಕ್ಷಸನ ದೂತನೋ, ಮುದಿ ಬ್ರಾಹ್ಮಣನೋ, ಅಗಸನೋ. ಭಾಗವತರ ಜೊತೆ ಮಾತಿಗೆ ನಿಲ್ಲುತ್ತಾನೆ. ಒಂದು ಮಾತು, ಒಂದು ಪದ, ಚಂಡೆಯ ಒಂದು ಹೊಡೆತ. ತನ್ನ ರಾಜನನ್ನೇ ಎದುರಿಗೆ ಕೂರಿಸಿಕೊಂಡು ಕಾಲೆಳೆಯುತ್ತಾನೆ. ಶೇಖರ್ ಸುಮನ್‌ಗೂ ಅವರ ವಾದ್ಯದವರಿಗೂ ನಡೆಯುತ್ತಿದ್ದದ್ದು ಹೆಚ್ಚು ಕಡಿಮೆ ಇದೇ.

ಒಂದು ಮಳೆಗಾಲ ಮರಾಠಿ ಹುಡುಗನನ್ನೂ ಆಟಕ್ಕೆ ಕರೆದುಕೊಂಡು ಹೋದೆವು. ಹಾಸ್ಯಗಾರ ಮುಂಬಯಿಯ ಪ್ರೇಕ್ಷಕರಿಗೆಂದೇ ಲೋಕಲ್ಲಿನ ನೂಕುನುಗ್ಗಲು ಸೇರಿಸಿದ್ದ. ಬಾಗಿಲಲ್ಲಿ ನಿಂತು ‘ಪುಢೇ ಚಲಾ, ಪುಢೇ ಚಲಾ’ ಅನ್ನುವ ಮರಾಠಿ ಮನುಷ್ಯನನ್ನು ಮಾಡಿ ತೋರಿಸಿದ. ಸಭೆಯೆಲ್ಲ ನಕ್ಕಿತು. ನಾನು ಮೆಲ್ಲಗೆ ಪಕ್ಕಕ್ಕೆ ತಿರುಗಿ ನೋಡಿದೆ, ಇವನಿಗೆ ಹೇಗನ್ನಿಸಿತೋ ಅಂತ. ಅವನು ನಮಗಿಂತ ಜೋರಾಗಿ ನಗುತ್ತಿದ್ದ. ಅವನ ಈ ಕಡೆ ನಾನು, ಆ ಕಡೆ ಅಕ್ಕ, ಹಿಂದೆ ಅಮ್ಮ. ಅವನಿಗೆ ಅದು ಚುಚ್ಚುವಂತೆಯೇ ಇರಲಿಲ್ಲ.

ಅಮೆರಿಕದಲ್ಲಿ ಈ ಅಚ್ಚಿನ ಕಾರ್ಯಕ್ರಮ ಬಹಳ ಹಿಂದಿನಿಂದ ಇತ್ತು ಅಂತ ಗೊತ್ತಾದದ್ದು ಇಂಟರ್ನೆಟ್ ಬಂದ ಮೇಲೆ. ‘ಸ್ಯಾಟರ್ಡೇ ನೈಟ್ ಲೈವ್’ ಶುರುವಾದದ್ದು 1975ರ ಅಕ್ಟೋಬರ್ 11ರಂದು, ನ್ಯೂಯಾರ್ಕಿನಿಂದ, ಶನಿವಾರ ರಾತ್ರಿ ಹನ್ನೊಂದೂವರೆಗೆ ನೇರ ಪ್ರಸಾರ. ಸಣ್ಣ ಸಣ್ಣ ಪ್ರಹಸನ, ನಡುವೆ ಅತಿಥಿ ಕಲಾವಿದರ ಹಾಡು. ನಮ್ಮಲ್ಲೂ ಜಸ್ಪಾಲ್ ಭಟ್ಟಿಯವರು 1989ರಲ್ಲೇ ದೂರದರ್ಶನದ ‘ಫ್ಲಾಪ್ ಶೋ’ದಲ್ಲಿ ಪ್ರತಿ ಕಂತನ್ನೂ ಒಂದು ಅಣಕು ಹಾಡಿನಿಂದ ಮುಗಿಸುತ್ತಿದ್ದರು. ಬಂದದ್ದು ಹತ್ತೇ ಕಂತು. ಕಾಕಾಗೆ ಆ ಅಣಕು ಹಾಡುಗಳೆಲ್ಲ ಬಾಯಿಪಾಠ. ನಗಿಸಿದ ಮೇಲೆ ಒಂದು ಹಾಡು ಬೇಕೇ ಬೇಕು, ಇಲ್ಲದಿದ್ದರೆ ನಗು ಅರ್ಧಕ್ಕೇ ನಿಲ್ಲುತ್ತದೆ ಅನ್ನುತ್ತಿದ್ದರು.

ಆ ಮಾತು ಕೆಲಸಕ್ಕೆ ಬಂದದ್ದು 1998ರ ಗಣೇಶೋತ್ಸವದಲ್ಲಿ. ಚಾಳಿನ ಗಣಪತಿಗೆ ಹತ್ತು ದಿನವೂ ಏನಾದರೊಂದು ಕಾರ್ಯಕ್ರಮ. ರಾತ್ರಿ ಹತ್ತಕ್ಕೆ ಮೈಕ್ ಬಂದ್ ಅನ್ನುವ ನಿಯಮ ಬಂದದ್ದು 2000ದಲ್ಲಿ, ಹಾಗಾಗಿ ಆಗ ಹನ್ನೆರಡಾದರೂ ನಡೆಯುತ್ತಿತ್ತು. ಒಂದು ರಾತ್ರಿ ನಮಗೆ ಸಿಕ್ಕಿತು. ಅಕ್ಕ ಅಪ್ಪಯ್ಯನ ಬಿಳಿ ಪಂಚೆ ಕಚ್ಚೆ ಹಾಕಿ ಉಟ್ಟು ವಾಜಪೇಯಿ ಆದಳು. ಅವಳು ಮೊದಲ ಸಲ ಮಾತು ನಿಲ್ಲಿಸಿ ಕಣ್ಣು ಮುಚ್ಚಿದಾಗಲೇ ಜನ ಚಪ್ಪಾಳೆ ಹೊಡೆದರು. ಅವಳಷ್ಟು ಚೆನ್ನಾಗಿ ನಗಿಸುವವರನ್ನು ನಾನು ಟಿವಿಯಲ್ಲೂ ನೋಡಿಲ್ಲ, ಇದನ್ನು ತಮ್ಮನಾಗಿ ಹೇಳುತ್ತಿಲ್ಲ. ಸೊಲ್ಲಾಪುರದವನು ಮುರುಗನ್. ಆದರೆ ನಮ್ಮ ಮುರುಗನ್ ಕಳ್ಳರನ್ನು ಹಿಡಿಯಲಿಲ್ಲ. ದಾದರಿನಲ್ಲಿ ಇಳಿಯಲು ಹೋಗಿ ಜನರ ನೂಕಿಗೆ ಕುರ್ಲಾದಲ್ಲಿ ಇಳಿದ. ಟೋಪಿ ಪರೇಲಿನಲ್ಲೇ ಉಳಿಯಿತು. ಎಲ್ಲರೂ ದಿನಾ ಪಡುವ ಪಾಡು ಅದು, ಮದ್ರಾಸಿಗೂ ಮರಾಠಿಗೂ ಬೇರೆ ಇಲ್ಲ.

ಕೊನೆಗೆ ಕಾಕಾ ಹೇಳಿದ ಹಾಗೆ ಹಾಡು. ‘ಏಕ್ ಚತುರ ನಾರ್’ ಆರಿಸಿದ್ದು ಅಕ್ಕ. ಎರಡು ಕಿಟಕಿಯ ಬದಲು ಎರಡು ಬೆಂಚು. ಈ ಕಡೆ ಮರಾಠಿ ಹುಡುಗ, ಅವನ ಹಿಂದೆ ಅಡಗಿ ಹಾಡಲು ನಾನು. ಆ ಕಡೆ ಮೇಷ್ಟ್ರಾಗಿ ಅಕ್ಕ, ಜುಟ್ಟು ಇಲ್ಲ, ನಾಮ ಇಲ್ಲ, ಎಳೆದಾಡುವ ಹಿಂದಿ ಇಲ್ಲ. ಅವಳು ಮಾಟುಂಗದಲ್ಲಿ ಸಂಗೀತಕ್ಕೆ ಹೋಗುತ್ತಿದ್ದವಳು. ಸಿನಿಮಾದಲ್ಲಿ ಮೇಷ್ಟ್ರು ತಡವರಿಸುವ ಜಾಗ ಬಂತು. ಅವಳು ತಡವರಿಸಲಿಲ್ಲ. ಅಲ್ಲಿಂದಲೇ ಸ್ವರ ಹಾಕುತ್ತಾ ಮೇಲೆ ಮೇಲೆ ಹೋದಳು. ಹಿಂದೆ ಅಡಗಿದ್ದ ನನಗೆ ಹಾಡಲು ಏನೂ ಉಳಿಯಲಿಲ್ಲ, ನಾವು ಮೊದಲೇ ಮಾತಾಡಿಕೊಂಡಿದ್ದದ್ದೂ ಹಾಗೇ. ಮರಾಠಿ ಹುಡುಗ ತುಟಿ ಆಡಿಸುತ್ತಲೇ ಇದ್ದ, ದನಿ ಇಲ್ಲ. ಜನಕ್ಕೆ ವಿಷಯ ಹೊಳೆದದ್ದೇ ತಡ, ಚಾಳಿನ ಮೂರೂ ಗ್ಯಾಲರಿಗಳಿಂದ ನಗು. ಬಾಯಿಗೆ ಚಾದರ ಬೇಕಿಲ್ಲದ ನಗು. ಅಪ್ಪಯ್ಯ ಅಂದು ಹೋಟೆಲಿನಿಂದ ಬೇಗ ಬಂದಿದ್ದರು. ಕಾಕಾ ಅವರ ಭುಜಕ್ಕೆ ಹೊಡೆದು ಹೊಡೆದು ನಗುತ್ತಿದ್ದರು. ಅಪ್ಪಯ್ಯ ಕಣ್ಣೊರೆಸಿಕೊಂಡು, ‘ಈಗ ಸಮ ಆಯ್ತ್’ ಅಂದರಂತೆ. ನನಗೆ ಅದು ಕೇಳಿಸಲಿಲ್ಲ, ಅಮ್ಮ ಹೇಳಿದ್ದು.

ಅಕ್ಕ ಈಗ ಪುಣೆಯಲ್ಲಿದ್ದಾಳೆ. ಸೊಲ್ಲಾಪುರದವನು ಠಾಣೆಯಲ್ಲಿ, ಮರಾಠಿ ಗೆಳೆಯ ಡೊಂಬಿವಲಿಯಲ್ಲಿ. ಮಳೆಗಾಲಕ್ಕೆ ಯಾವ ತಂಡ ಬರುತ್ತದೆ, ಹಾಸ್ಯಗಾರ ಯಾರು ಅಂತ ಮೊದಲು ಫೋನ್ ಮಾಡಿ ಕೇಳುವವನು ಆ ಮರಾಠಿಯವನೇ. ಎಲ್ಲರೂ ಸೇರಿದರೆ 98ರ ಆ ಹಾಡಿನ ಮಾತು ಬಂದೇ ಬರುತ್ತದೆ. ‘ನನಗೂ ಹಾಡಲು ಬಿಟ್ಟಿದ್ದರೆ ನಾನೇ ಗೆಲ್ಲುತ್ತಿದ್ದೆ’ ಅಂತ ಮರಾಠಿ ಗೆಳೆಯನ ವಾದ. ಹಾಗಾದರೆ ಈಗಲೇ ಹಾಡು ಅನ್ನುತ್ತಾಳೆ ಅಕ್ಕ. ಅವನು ಹಾಡುತ್ತಾನೆ, ಚೆನ್ನಾಗಿಯೇ ಹಾಡುತ್ತಾನೆ. ಅಕ್ಕ ಮಾತ್ರ ಇಲ್ಲಿವರೆಗೂ ಒಪ್ಪಿಲ್ಲ.